ಕತ್ತಲ ಧ್ರುವದ ಮೇಲೆ ಏಕಾಏಕಿ ಏರುವ ಬಿಸಿ

ವಾಯುಮಂಡಲದ ಎರಡನೆಯ ಪದರವನ್ನು ಕನ್ನಡದ ಪಠ್ಯಪುಸ್ತಕಗಳು ಸಮೋಷ್ಣ ಮಂಡಲ ಎಂದು ಕರೆಯುತ್ತವೆ. ಉಷ್ಣತೆ ಒಂದೇ ಸಮನಾಗಿರುವ ವಲಯ ಎಂಬುದು ಆ ಹೆಸರಿನ ಅರ್ಥ. ಹೆಸರು ಸುಮ್ಮನೆ ಹುಟ್ಟಿದ್ದಲ್ಲ. ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೆಸೆರಾಂಕ್ ಡಿ ಬೋರ್ ನೂರಾರು ಬಲೂನುಗಳನ್ನು ಹಾರಿಸಿ ನೋಡಿದಾಗ, ಸುಮಾರು 11 ಕಿ.ಮೀ. ದಾಟಿದ ಮೇಲೆ ಉಷ್ಣತೆ ಇಳಿಯುವುದೇ ನಿಂತುಹೋಗುತ್ತಿತ್ತು. 1902ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಕೆಳಗಿನ ಪದರದ ಗೊಂದಲ, ಮೋಡ, ಮಳೆ ಯಾವುದೂ ಇಲ್ಲದ ಶಾಂತ ವಲಯವೊಂದು ಮೇಲಿದೆ ಎಂಬ ನಂಬಿಕೆ ಅಲ್ಲಿಂದ ಬೇರೂರಿತು.

ಆ ಶಾಂತ ವಲಯದಲ್ಲೇ ಭೂಮಿಯ ವಾತಾವರಣದ ಅತ್ಯಂತ ರಭಸದ ಘಟನೆಗಳಲ್ಲಿ ಒಂದು ನಡೆಯುತ್ತದೆ. ನಡುಚಳಿಗಾಲ; ಉತ್ತರ ಧ್ರುವಕ್ಕೆ ಸೂರ್ಯ ಕಾಣದೆ ತಿಂಗಳುಗಳೇ ಕಳೆದಿವೆ. ನೆಲದಿಂದ ಸುಮಾರು 30 ಕಿ.ಮೀ. ಎತ್ತರದಲ್ಲಿ ಉಷ್ಣತೆ ಕೆಲವೇ ದಿನಗಳಲ್ಲಿ 30, 40, ಒಮ್ಮೊಮ್ಮೆ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಬಿಡುತ್ತದೆ. ಅಲ್ಲಿಯವರೆಗೆ ಪಶ್ಚಿಮದಿಂದ ಪೂರ್ವಕ್ಕೆ ಭೋರ್ಗರೆಯುತ್ತಿದ್ದ ಗಾಳಿ ನಿಂತು, ತಿರುಗಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸತೊಡಗುತ್ತದೆ. ಉತ್ತರಾರ್ಧಗೋಳದಲ್ಲಿ ಇದು ಹತ್ತು ವರ್ಷಕ್ಕೆ ಸರಾಸರಿ ಆರು ಸಲ ಆಗುತ್ತದೆ. 2024ರಲ್ಲಿ ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಮತ್ತೊಮ್ಮೆ ಆಯಿತು. ಆದಾಗಲೆಲ್ಲ ‘ಧ್ರುವದ ಸುಳಿ ಒಡೆಯಿತು, ಭೀಕರ ಚಳಿ ಬರಲಿದೆ’ ಎಂಬ ತಲೆಬರಹಗಳು ಹರಡುತ್ತವೆ. ಆ ತಲೆಬರಹಗಳಲ್ಲಿ ಅರ್ಧ ನಿಜವಿದೆ. ಬಿಟ್ಟುಹೋಗಿರುವ ಇನ್ನರ್ಧವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಇದನ್ನು ಮೊದಲು ಗುರುತಿಸಿದ್ದು 1952ರ ಆರಂಭದಲ್ಲಿ, ಬರ್ಲಿನ್ನಿನಲ್ಲಿ. ಅಲ್ಲಿನ ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್‌ಹಾಗ್ ಬಲೂನುಗಳು ಕಳುಹಿಸಿದ ಅಳತೆಗಳನ್ನು ನೋಡುತ್ತಿದ್ದಾಗ, ಚಳಿಗಾಲದ ಸಮೋಷ್ಣ ಮಂಡಲ ಎರಡೇ ದಿನಗಳಲ್ಲಿ ಅಸಾಧಾರಣವಾಗಿ ಕಾದಿದ್ದು ಕಂಡಿತು. ಅವರು ಅದನ್ನು ‘ಸ್ಫೋಟದಂಥ ಬಿಸಿಯೇರಿಕೆ’ ಎಂದು ವರ್ಣಿಸಿದರು. ‘ಬರ್ಲಿನ್ ವಿದ್ಯಮಾನ’ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು. ಉಪಗ್ರಹಗಳಿಲ್ಲದ ಕಾಲ ಅದು. ಒಂದು ಊರಿನ ಮೇಲೆ ಹಾರಿಸಿದ ಬಲೂನಿನಲ್ಲಿ ಕಂಡ ಏರಿಕೆಯನ್ನು ಉಪಕರಣದ ದೋಷವೆಂದು ತಳ್ಳಿಹಾಕದೆ, ಮೇಲಿನ ಆಕಾಶದಲ್ಲಿ ನಿಜವಾಗಿಯೂ ದೊಡ್ಡದೇನೋ ನಡೆದಿದೆ ಎಂದು ಹೇಳಲು ಧೈರ್ಯ ಬೇಕಿತ್ತು.

ಆ ಬಿಸಿ ಬಂದದ್ದು ಎಲ್ಲಿಂದ? ಸೂರ್ಯನಿಂದ ಅಲ್ಲ, ಅಲ್ಲಿ ಸೂರ್ಯನೇ ಇಲ್ಲ. ಕೆಳಗಿನಿಂದ ಬಿಸಿಗಾಳಿ ಮೇಲೇರಿ ಬಂದದ್ದೂ ಅಲ್ಲ. ಗಾಳಿ ಕೆಳಗಿಳಿದದ್ದರಿಂದ ಹುಟ್ಟಿದ ಬಿಸಿ ಅದು. ಇದು ಅರ್ಥವಾಗಬೇಕಾದರೆ ಧ್ರುವದ ಸುಳಿಯಿಂದಲೇ ಆರಂಭಿಸಬೇಕು.

ಸಮೋಷ್ಣ ಮಂಡಲವನ್ನು ಬೆಚ್ಚಗಿಡುವುದು ಓಝೋನ್. ಅದು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಧ್ರುವದಲ್ಲಿ ದೀರ್ಘ ರಾತ್ರಿ ಕವಿದಾಗ ಈ ಒಲೆ ಆರಿಹೋಗುತ್ತದೆ. ಗಾಳಿ ತನ್ನಲ್ಲಿದ್ದ ಶಾಖವನ್ನು ಬಾಹ್ಯಾಕಾಶಕ್ಕೆ ಬಿಟ್ಟುಕೊಡುತ್ತಾ ತಣಿದು, −80 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಇತ್ತ ಬಿಸಿಲಿರುವ ಅಕ್ಷಾಂಶಗಳಲ್ಲಿ ಅದೇ ಎತ್ತರದ ಗಾಳಿ ಬೆಚ್ಚಗಿರುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಅವುಗಳ ಗಡಿಯಲ್ಲಿ ಗಾಳಿ ಬಲವಾಗುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಪೂರ್ವದ ಕಡೆಗೆ ಬಾಗಿಸುತ್ತದೆ. ಹೀಗೆ ಧ್ರುವವನ್ನು ಸುತ್ತುವರಿದು, ಗಂಟೆಗೆ 200 ಕಿ.ಮೀ. ಮೀರುವ ವೇಗದಲ್ಲಿ ತಿರುಗುವ ಬೃಹತ್ ಗಾಳಿಯ ಚಕ್ರವೇ ಧ್ರುವದ ಸುಳಿ. ಶರತ್ಕಾಲದಲ್ಲಿ ಹುಟ್ಟಿ ವಸಂತದಲ್ಲಿ ಕರಗುವುದು ಅದರ ಸಹಜ ಬಾಳು.

ಸುಳಿಯನ್ನು ನಡುವಿನಲ್ಲೇ ಕೆಡವುವ ಪೆಟ್ಟು ಕೆಳಗಿನಿಂದ ಬರುತ್ತದೆ. ಕೆಳಪದರವಾದ ಪರಿವರ್ತನ ಮಂಡಲದಲ್ಲಿ ಬೀಸುವ ಪಶ್ಚಿಮ ಮಾರುತಗಳು ರಾಕಿ ಪರ್ವತಗಳನ್ನೋ ಹಿಮಾಲಯ ಮತ್ತು ಟಿಬೆಟ್ಟಿನ ಎತ್ತರವನ್ನೋ ಹಾದುಹೋಗುವಾಗ ಅಲೆಯಂತೆ ಬಳುಕುತ್ತವೆ. ಚಳಿಗಾಲದ ತಣ್ಣನೆಯ ಖಂಡಗಳು ಮತ್ತು ಬೆಚ್ಚನೆಯ ಸಾಗರಗಳ ನಡುವಿನ ವ್ಯತ್ಯಾಸವೂ ಅಂಥದೇ ಬಳುಕನ್ನು ಹುಟ್ಟಿಸುತ್ತದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸಾವಿರಾರು ಕಿಲೋಮೀಟರ್ ಅಂತರವಿರುವ ಇವುಗಳನ್ನು ರಾಸ್ಬಿ ಅಲೆಗಳು ಎನ್ನುತ್ತಾರೆ. ಇವು ಭೂಮಿಯ ಸುತ್ತ ಅಡ್ಡಲಾಗಿ ಮಾತ್ರವಲ್ಲ, ಮೇಲಕ್ಕೂ ಸಾಗುತ್ತವೆ. ಆದರೆ ಎಲ್ಲ ಅಲೆಗಳಿಗೂ ಮೇಲಿನ ದಾರಿ ತೆರೆದಿಲ್ಲ. ಗಾಳಿ ಪಶ್ಚಿಮದಿಂದ ಬೀಸುತ್ತಿರಬೇಕು, ಅದೂ ತೀರಾ ಬಲವಾಗಿರಬಾರದು. ಆಗಲೂ ಅತಿ ದೊಡ್ಡ ಅಲೆಗಳು ಮಾತ್ರ ಮೇಲೇರಬಲ್ಲವು. ಇದನ್ನು 1961ರಲ್ಲಿ ಜೂಲ್ ಚಾರ್ನಿ ಮತ್ತು ಫಿಲಿಪ್ ಡ್ರೇಜಿನ್ ಗಣಿತದಿಂದ ತೋರಿಸಿಕೊಟ್ಟರು. ಬೇಸಿಗೆಯಲ್ಲಿ ಸಮೋಷ್ಣ ಮಂಡಲ ಅಷ್ಟೊಂದು ನಿಶ್ಚಲವಾಗಿರುವುದಕ್ಕೂ ಇದೇ ಕಾರಣ. ಆಗ ಅಲ್ಲಿ ಪೂರ್ವದ ಗಾಳಿ ಬೀಸುವುದರಿಂದ ಅಲೆಗಳಿಗೆ ಬಾಗಿಲು ಮುಚ್ಚಿರುತ್ತದೆ.

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಅದೇ ಶಕ್ತಿಯನ್ನು ಹೊತ್ತ ಅಲೆ ಹಿಗ್ಗುತ್ತಾ ಹೋಗುತ್ತದೆ. ಚಾಟಿಯ ಬುಡದಲ್ಲಿ ಕೈ ತುಸುವೇ ಅಲುಗಿದರೂ ತೆಳುವಾದ ತುದಿ ಛಟೀರೆನ್ನುವಂತೆ. ಕೊನೆಗೆ, ದಡಕ್ಕೆ ಬಂದ ಕಡಲಿನ ಅಲೆಯ ಹಾಗೆ ಅದು ಮಗುಚಿ ಒಡೆಯುತ್ತದೆ. ಒಡೆದಾಗ ತಾನು ಹೊತ್ತು ತಂದ ಬಲವನ್ನು ಅಲ್ಲಿನ ಗಾಳಿಗೆ ಬಿಟ್ಟುಕೊಡುತ್ತದೆ, ಆ ಬಲ ಪಶ್ಚಿಮದ ದಿಕ್ಕಿನದು. ಪೂರ್ವಕ್ಕೆ ಓಡುತ್ತಿದ್ದ ಸುಳಿಗೆ ಇದು ಬ್ರೇಕ್ ಹಾಕಿದಂತೆ. ಅಲೆಗಳು ಒಂದರ ಮೇಲೊಂದು ದಿನಗಟ್ಟಲೆ ಬಂದು ಬಡಿದರೆ ಸುಳಿ ನಿಧಾನವಾಗುತ್ತದೆ, ಧ್ರುವದಿಂದ ಪಕ್ಕಕ್ಕೆ ಜರುಗುತ್ತದೆ ಅಥವಾ ಎರಡಾಗಿ ಸೀಳುತ್ತದೆ. 2009ರ ಜನವರಿಯಲ್ಲಿ ಕಂಡದ್ದು ಅಂಥ ಸೀಳುವಿಕೆಯೇ.

ಬಿಸಿ ಹುಟ್ಟುವುದು ಈಗ. ತಿರುಗುವ ವೇಗ ಕಳೆದುಕೊಂಡ ಗಾಳಿ ಧ್ರುವದತ್ತ ಜಾರಿ ಅಲ್ಲಿ ಶೇಖರವಾಗುತ್ತದೆ, ದಾರಿಯಿಲ್ಲದೆ ಕೆಳಗಿಳಿಯುತ್ತದೆ. ಕೆಳಗೆ ಒತ್ತಡ ಹೆಚ್ಚು. ಇಳಿದ ಗಾಳಿ ಅದುಮಿಕೊಳ್ಳುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಸೈಕಲ್ ಪಂಪನ್ನು ಬಿರುಸಾಗಿ ಒತ್ತಿದವರ ಅಂಗೈಗೆ ಗೊತ್ತಿರುವ ಬಿಸಿ ಇದು. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ನಾಲ್ಕೈದು ಕಿಲೋಮೀಟರ್ ಇಳಿದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಧ್ರುವದಲ್ಲಿ ಇಳಿದ ಗಾಳಿಗೆ ಸರಿಯಾಗಿ ಉಷ್ಣವಲಯದ ಮೇಲೆ ಗಾಳಿ ಏರುತ್ತದೆ, ಏರಿ ತಣ್ಣಗಾಗುತ್ತದೆ. ಧ್ರುವದ ಮೇಲೆಯೇ, ಇನ್ನೂ ಎತ್ತರದ ಮಧ್ಯಂತರ ಮಂಡಲ ಅದೇ ಹೊತ್ತಿಗೆ ತಣಿಯುತ್ತದೆ. ಹೊರಗಿನಿಂದ ಹೊಸ ಶಾಖವೇನೂ ಬಂದಿಲ್ಲ. ಗಾಳಿಯ ಓಟದಲ್ಲಿ ಅಡಗಿದ್ದ ಏರುಪೇರು ಉಷ್ಣತೆಯ ಏರುಪೇರಾಗಿ ಹೊರಬಿದ್ದಿದೆ, ಅಷ್ಟೆ. ‘ಬಿಸಿಯೇರಿಕೆ’ ಎಂಬ ಪದ ಕೇಳಿದೊಡನೆ ಇದನ್ನು ಜಾಗತಿಕ ತಾಪಮಾನ ಏರಿಕೆಯ ಜೊತೆ ಗಂಟುಹಾಕುವವರು ಇದನ್ನು ಗಮನಿಸಬೇಕು. ಹಸಿರುಮನೆ ಅನಿಲಗಳು ನೆಲದ ಬಳಿ ಬಿಸಿಯನ್ನು ಹಿಡಿದಿಟ್ಟರೂ, ಸಮೋಷ್ಣ ಮಂಡಲವನ್ನು ವರ್ಷದಿಂದ ವರ್ಷಕ್ಕೆ ತಣಿಸುತ್ತಲೇ ಬಂದಿವೆ.

ಇಷ್ಟನ್ನೂ ಒಂದೇ ಮಾದರಿಯಲ್ಲಿ ಪೋಣಿಸಿ ತೋರಿಸಿದವರು ಜಪಾನಿನ ತಾರೋ ಮತ್ಸುನೊ, 1971ರಲ್ಲಿ. ಅವರ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಅಂಶವೊಂದಿದೆ. ಎತ್ತರದಲ್ಲಿ ಗಾಳಿ ಒಮ್ಮೆ ಪೂರ್ವದಿಂದ ಬೀಸತೊಡಗಿತೆಂದರೆ ಆ ಮಟ್ಟವೇ ಅಲೆಗಳಿಗೆ ಗೋಡೆಯಾಗುತ್ತದೆ. ಮುಂದಿನ ಅಲೆಗಳು ಆ ಗೋಡೆಯ ಕೆಳಗೇ ಒಡೆಯುತ್ತವೆ, ಅಲ್ಲಿನ ಗಾಳಿಯೂ ತಿರುಗುತ್ತದೆ, ಗೋಡೆ ಇನ್ನಷ್ಟು ಕೆಳಗೆ ಬರುತ್ತದೆ. ಕೆಳಗಿನಿಂದ ಹೊರಟ ಅಲೆಗಳು ಮೇಲೆ ಮಾಡಿದ ಬದಲಾವಣೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಬರುತ್ತದೆ.

ಈಗ ನಿಜವಾದ ಒಗಟು. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 10 ಹೆಕ್ಟೋಪಾಸ್ಕಲ್, ನೆಲದ ಬಳಿಯ ಒತ್ತಡದ ನೂರರಲ್ಲೊಂದು ಪಾಲು. ಅಂದರೆ ವಾಯುಮಂಡಲದ ತೂಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಅದರ ಕೆಳಗಿದೆ. ನೂರರಲ್ಲಿ ಒಂದು ಭಾಗ ಉಳಿದ ತೊಂಬತ್ತೊಂಬತ್ತನ್ನು ಅಲುಗಿಸುವುದು ಹೇಗೆ? ಬಹುಕಾಲ ವಿಜ್ಞಾನಿಗಳು ಇದನ್ನು ಒಪ್ಪಿರಲಿಲ್ಲ. 2001ರಲ್ಲಿ ಮಾರ್ಕ್ ಬಾಲ್ಡ್ವಿನ್ ಮತ್ತು ತಿಮೋತಿ ಡಂಕರ್ಟನ್ ಹಲವು ಘಟನೆಗಳನ್ನು ಒಟ್ಟುಗೂಡಿಸಿ ಒಂದು ಚಿತ್ರ ಬರೆದರು. ಗೋಡೆಗೆ ಬಳಿದ ಬಣ್ಣ ಸೋರಿ ಇಳಿದಂತೆ, ಸುಳಿ ದುರ್ಬಲಗೊಂಡ ಗುರುತು ಮೇಲಿನಿಂದ ಕೆಳಗಿಳಿದು ನೆಲ ಮುಟ್ಟುವುದು, ಅಲ್ಲಿ ಎರಡು ತಿಂಗಳವರೆಗೂ ಉಳಿಯುವುದು ಆ ಚಿತ್ರದಲ್ಲಿತ್ತು. ಅಷ್ಟು ದಿನ ಉಳಿಯುವುದಕ್ಕೆ ಕಾರಣ ಸಮೋಷ್ಣ ಮಂಡಲದ ಕೆಳಭಾಗದ ನಿಧಾನ ಸ್ವಭಾವ. ಅಲ್ಲಿಗೆ ತಲುಪಿದ ಬಿಸಿ ಬೇಗ ಆರುವುದಿಲ್ಲ. ವಾರಗಟ್ಟಲೆ ಹಾಗೆಯೇ ಕೂತು ತನ್ನ ಕೆಳಗಿನ ಜೆಟ್ ಪ್ರವಾಹವನ್ನು, ಅಂದರೆ ಪರಿವರ್ತನ ಮಂಡಲದ ಮೇಲ್ಭಾಗದಲ್ಲಿ ಪೂರ್ವಕ್ಕೆ ರಭಸವಾಗಿ ಹರಿಯುವ ಗಾಳಿಯ ಪಟ್ಟಿಯನ್ನು, ಧ್ರುವದಿಂದ ದೂರಕ್ಕೆ, ಸಮಭಾಜಕದ ಕಡೆಗೆ ಸ್ವಲ್ಪ ಸ್ವಲ್ಪವೇ ತಳ್ಳುತ್ತದೆ. ಜೆಟ್ ಪ್ರವಾಹ ಜರುಗಿದರೆ ಬಿರುಗಾಳಿಗಳ ದಾರಿಯೂ ಜರುಗುತ್ತದೆ, ಆ ಬಿರುಗಾಳಿಗಳೇ ಜರುಗಿದ ಪ್ರವಾಹವನ್ನು ಅಲ್ಲಿಯೇ ಹಿಡಿದಿಡುತ್ತವೆ. ಭಾರವಾದ ಬಾಗಿಲನ್ನು ನೂಕಲು ಬೇಕಾದ ಬಲ ಮೇಲಿನ ತೆಳುಗಾಳಿಗಿಲ್ಲ, ನಿಜ. ಆದರೆ ಅದು ತೆಗೆಯುವುದು ಬಾಗಿಲಿನ ಚಿಲಕವನ್ನು. ಉಳಿದ ಕೆಲಸವನ್ನು ಕೆಳಗಿನ ಹವೆಯೇ ಮಾಡಿಕೊಳ್ಳುತ್ತದೆ.

ಹಾಗಾದಾಗ ಉತ್ತರ ಯೂರೋಪ್, ಸೈಬೀರಿಯಾ, ಅಮೆರಿಕದ ಪೂರ್ವಭಾಗಗಳಲ್ಲಿ ಚಳಿಯ ಸಾಧ್ಯತೆ ಹೆಚ್ಚುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಪೂರ್ವಭಾಗ ಬೆಚ್ಚಗಾಗುತ್ತವೆ. ದಕ್ಷಿಣ ಯೂರೋಪಿಗೆ ಮಳೆ ಹೆಚ್ಚುತ್ತದೆ.

2018ರ ಚಳಿಗಾಲ ಇದಕ್ಕೆ ಪಾಠದಂಥ ಉದಾಹರಣೆ. ಆ ವರ್ಷ ಫೆಬ್ರವರಿ 12ರಂದು 60 ಡಿಗ್ರಿ ಅಕ್ಷಾಂಶದ ಮೇಲೆ, 10 ಹೆಕ್ಟೋಪಾಸ್ಕಲ್ ಮಟ್ಟದಲ್ಲಿ, ಸರಾಸರಿ ಗಾಳಿ ದಿಕ್ಕು ಬದಲಿಸಿತು. ದೊಡ್ಡ ಪ್ರಮಾಣದ ಬಿಸಿಯೇರಿಕೆ ಎಂದು ಘೋಷಿಸಲು ವಿಜ್ಞಾನಿಗಳು ನೋಡುವ ಗೆರೆ ಇದೇ. ಎರಡು ವಾರ ಕಳೆಯುವುದರೊಳಗೆ ಸೈಬೀರಿಯಾದ ಕಡೆಯ ಗಾಳಿ ಯೂರೋಪಿನ ಉದ್ದಗಲಕ್ಕೂ ನುಗ್ಗಿತು. ಫೆಬ್ರವರಿ 26ರಂದು ರೋಮ್ ನಗರದಲ್ಲಿ ಹಿಮ ಬಿತ್ತು. ಬ್ರಿಟನ್ನಿನ ಹವಾಮಾನ ಕಚೇರಿ ಸ್ಕಾಟ್ಲೆಂಡಿಗೆ ಹಿಮದ ಕುರಿತು ಕೆಂಪು ಎಚ್ಚರಿಕೆ ನೀಡಿತು. ಮಾರ್ಚ್ 1ರಂದು ಬ್ರಿಟನ್ನಿನ ಅನಿಲ ಪೂರೈಕೆ ಜಾಲ, ಬೇಡಿಕೆಗೆ ಸಾಲುವಷ್ಟು ಅನಿಲವಿಲ್ಲವೆಂದು ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಬ್ರಿಟನ್ನಿನ ಜನ ಆ ಚಳಿಯನ್ನು ‘ಪೂರ್ವದಿಂದ ಬಂದ ಮೃಗ’ ಎಂದೇ ಕರೆದರು. ಅದೇ ದಿನಗಳಲ್ಲಿ ಗ್ರೀನ್‌ಲ್ಯಾಂಡಿನ ಉತ್ತರದ ತುತ್ತತುದಿ, ಕೇಪ್ ಮಾರಿಸ್ ಜೆಸಪ್‌ನಲ್ಲಿ, ಸೂರ್ಯ ಹುಟ್ಟದ ಫೆಬ್ರವರಿಯಲ್ಲಿ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲೇರಿತ್ತು. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಬಹುಕಾಲದಿಂದ ಕಾಡುತ್ತಿದ್ದ ಬರ, ಮಾರ್ಚ್‌ನಲ್ಲಿ ಸುರಿದ ಭಾರಿ ಮಳೆಗೆ ಮುಗಿಯಿತು. ಒಬ್ಬರಿಗೆ ಮೃಗವಾಗಿ ಬಂದದ್ದು ಇನ್ನೊಬ್ಬರಿಗೆ ಜಲಾಶಯ ತುಂಬಿಸಿ ಹೋಯಿತು. ಇದು ‘ಚಳಿಯ ಸುದ್ದಿ’ ಮಾತ್ರ ಎಂದುಕೊಳ್ಳುವುದು ಎಷ್ಟು ಕಿರಿದಾದ ನೋಟ ಎಂಬುದು ಇಲ್ಲಿ ತಿಳಿಯುತ್ತದೆ.

ಆದರೆ 2018ರ ಕಥೆ ಪ್ರತಿ ಸಲವೂ ಮರುಕಳಿಸುವುದಿಲ್ಲ. ದೊಡ್ಡ ಬಿಸಿಯೇರಿಕೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಮಾತ್ರ ನೆಲದ ಹವೆಯ ಮೇಲೆ ಸ್ಪಷ್ಟ ಗುರುತು ಬಿಡುತ್ತವೆ. ಉಳಿದವು ಮೇಲೆಯೇ ಮುಗಿದುಹೋಗುತ್ತವೆ. ತಲೆಬರಹಗಳು ಬಿಟ್ಟುಬಿಡುವ ಇನ್ನರ್ಧ ಇದು. ಗುರುತು ಬಿಟ್ಟಾಗಲೂ ಅದು ಒಂದು ಖಂಡದ ಸರಾಸರಿ ಹವೆಯ ಒಲವನ್ನು ಬದಲಿಸುತ್ತದೆಯೇ ಹೊರತು, ಇಂಥ ಊರಿನಲ್ಲಿ ಇಂಥ ದಿನ ಹಿಮ ಬೀಳುತ್ತದೆ ಎಂದು ಹೇಳುವುದಿಲ್ಲ. ದಾಳದ ಒಂದು ಮುಖಕ್ಕೆ ತುಸು ಭಾರ ಸೇರಿಸಿದಂತೆ. ದಾಳವನ್ನು ಇನ್ನೂ ಉರುಳಿಸಲೇಬೇಕು.

ಈ ವ್ಯತ್ಯಾಸ ಮರೆತಾಗ ಆಗುವ ಗೊಂದಲಕ್ಕೆ 2014ರ ಜನವರಿಯೇ ಸಾಕ್ಷಿ. ಅಮೆರಿಕದ ಮಧ್ಯಭಾಗವನ್ನು ಕೊರೆದ ಆ ಚಳಿಯಿಂದ ‘ಧ್ರುವದ ಸುಳಿ’ ಎಂಬ ಮಾತು ಮನೆಮಾತಾಯಿತು. ಆ ಚಳಿಗಾಲದಲ್ಲಿ ದೊಡ್ಡ ಪ್ರಮಾಣದ ಬಿಸಿಯೇರಿಕೆ ಒಂದೂ ಆಗಿರಲಿಲ್ಲ. ಚಳಿಗೆ ಕಾರಣವಾದದ್ದು ಕೆಳಪದರದ ಜೆಟ್ ಪ್ರವಾಹದ ಆಳವಾದ ಬಳುಕು. ಎರಡು ಬೇರೆ ಬೇರೆ ಎತ್ತರಗಳ, ಬೇರೆ ಬೇರೆ ಗಾಳಿಗಳಿಗೆ ಒಂದೇ ಹೆಸರು ಬಿದ್ದದ್ದರ ಫಲವನ್ನು ಇಂದಿಗೂ ಅನುಭವಿಸುತ್ತಿದ್ದೇವೆ. 2021ರ ಜನವರಿ 5ರಂದು ಬಿಸಿಯೇರಿಕೆ ಆಯಿತು. ಅದೇ ವಾರದ ಕೊನೆಯಲ್ಲಿ ಮ್ಯಾಡ್ರಿಡ್ ನಗರ ಫಿಲೋಮೆನಾ ಬಿರುಗಾಳಿಯ ಹಿಮದಡಿ ಹೂತುಹೋಯಿತು. ಎರಡನ್ನೂ ಕಾರಣ ಮತ್ತು ಪರಿಣಾಮವೆಂದು ಹಲವರು ಬರೆದರು. ಆದರೆ ಮೇಲಿನ ಬದಲಾವಣೆ ನೆಲಕ್ಕಿಳಿಯಲು ಸಾಮಾನ್ಯವಾಗಿ ಬೇಕಾಗುವ ಕಾಲಾವಕಾಶ ಅಲ್ಲಿರಲಿಲ್ಲ. ಅದೇ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತು; ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇಲ್ಲದೆ 200ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಹಿಂದೆ ಇದ್ದದ್ದು ಸೀಳಿದ ಸುಳಿಯಲ್ಲ, ಹಿಗ್ಗಿಸಿದ ರಬ್ಬರಿನಂತೆ ಉದ್ದಕ್ಕೆ ಎಳೆದುಕೊಂಡ ಸುಳಿ ಎಂಬ ವಾದವಿದೆ. ಅದನ್ನು ಒಪ್ಪುವವರೂ ಒಪ್ಪದವರೂ ವಿಜ್ಞಾನಿಗಳ ನಡುವೆಯೇ ಇದ್ದಾರೆ. ಸತ್ತವರ ಸಂಖ್ಯೆ ಇಷ್ಟು ದೊಡ್ಡದಿರುವಾಗ, ಮುಂದಿನ ಸಲಕ್ಕೆ ಸಿದ್ಧತೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ತಿಳಿಯುವುದಕ್ಕಾದರೂ ಕಾರಣವನ್ನು ಸರಿಯಾಗಿ ಗುರುತಿಸಬೇಕು. ‘ಧ್ರುವದ ಸುಳಿ ಮಾಡಿತು’ ಎಂದು ಹೇಳಿ ಮುಗಿಸುವುದು ವಿವರಣೆಯಲ್ಲ.

ಹಾಗೆಂದು ಈ ತಿಳಿವಳಿಕೆಯ ಬೆಲೆ ಕಡಿಮೆಯೆಂದಲ್ಲ. ದಿನನಿತ್ಯದ ಹವಾಮಾನ ಮುನ್ಸೂಚನೆ ಹತ್ತು ದಿನ ದಾಟಿದೊಡನೆ ಮಸುಕಾಗುತ್ತದೆ. ಬಿಸಿಯೇರಿಕೆಯನ್ನು ಒಂದೆರಡು ವಾರ ಮೊದಲೇ ಊಹಿಸಬಹುದು. ಆದ ಮೇಲೆ ಅದರ ಪ್ರಭಾವ ವಾರಗಟ್ಟಲೆ ಇರುತ್ತದೆ. ಎರಡನ್ನೂ ಕೂಡಿಸಿದರೆ ತಿಂಗಳ ಮುಂದಿನ ಹವೆಯ ಒಲವು ಎತ್ತ ಎಂದು ಹೇಳುವ ಅಪರೂಪದ ಅವಕಾಶ ಸಿಗುತ್ತದೆ. ಅನಿಲದ ದಾಸ್ತಾನು ನಿರ್ಧರಿಸುವವರಿಗೆ, ಆಸ್ಪತ್ರೆಗಳಿಗೆ, ರಸ್ತೆಗೆ ಉಪ್ಪು ಹರಡುವ ನಗರಾಡಳಿತಕ್ಕೆ, ಜಾನುವಾರು ಸಾಕುವವರಿಗೆ ‘ಚಳಿಯ ಸಾಧ್ಯತೆ ಎಂದಿಗಿಂತ ಹೆಚ್ಚು’ ಎಂಬ ಒಂದು ಸಾಲು ಸಾಕು. ಅದನ್ನು ‘ಚಳಿ ಖಚಿತ’ ಎಂದು ತಿರುಚಿ ಹೇಳಿದರೆ, ಮೂರನೆಯ ಸಲ ಚಳಿ ಬಾರದೇ ಹೋದಾಗ ಜನ ಮುನ್ಸೂಚನೆಯನ್ನೇ ನಂಬುವುದನ್ನು ಬಿಡುತ್ತಾರೆ.

ದಕ್ಷಿಣ ಧ್ರುವದ ಕಥೆ ಬೇರೆ. ಅಂಟಾರ್ಕ್ಟಿಕಾದ ಸುತ್ತ ಕಡಲೇ ಕಡಲು. ಗಾಳಿಯನ್ನು ಬಳುಕಿಸುವ ಪರ್ವತ ಸಾಲುಗಳೂ ಖಂಡಗಳೂ ಕಡಿಮೆ. ಅಲೆಗಳು ದುರ್ಬಲವಾದ್ದರಿಂದ ಸುಳಿ ಗಟ್ಟಿ. ಅಲ್ಲಿ ದೊಡ್ಡ ಬಿಸಿಯೇರಿಕೆ ಆಗುವುದೇ ಇಲ್ಲ ಎಂದು ನಂಬಿದ್ದವರನ್ನು 2002ರ ಸೆಪ್ಟೆಂಬರ್ ಬೆಚ್ಚಿಬೀಳಿಸಿತು. ಆಗ ಸುಳಿಯ ಜೊತೆಗೆ ಓಝೋನ್ ರಂಧ್ರವೂ ಎರಡಾಗಿ ಸೀಳಿದ್ದನ್ನು ಉಪಗ್ರಹಗಳು ಚಿತ್ರಿಸಿದವು. 2019ರ ಸೆಪ್ಟೆಂಬರ್‌ನಲ್ಲಿ ಗಾಳಿ ಪೂರ್ತಿ ತಿರುಗದಿದ್ದರೂ ಉಷ್ಣತೆ ತೀವ್ರವಾಗಿ ಏರಿತು. ಆ ವರ್ಷ ಆಸ್ಟ್ರೇಲಿಯಾದ ಪೂರ್ವಭಾಗ ವಸಂತದಲ್ಲೇ ಕಾದು ಒಣಗಿತು. ಮುಂದೆ ಹೊತ್ತಿಕೊಂಡ ಕಾಳ್ಗಿಚ್ಚುಗಳಿಗೆ ಇದ್ದ ಹಲವು ಕಾರಣಗಳಲ್ಲಿ ಇದನ್ನೂ ಒಂದೆಂದು ಎಣಿಸುತ್ತಾರೆ. ಉತ್ತರದಲ್ಲಿ ಚಳಿ ತರುವ ಘಟನೆ ದಕ್ಷಿಣದಲ್ಲಿ ಬೆಂಕಿಗೆ ದಾರಿ ಮಾಡಿಕೊಡಬಲ್ಲದು.

2019ರಲ್ಲಿ ಓಝೋನ್ ರಂಧ್ರ 1982ರಿಂದೀಚೆಗೆ ಅತಿ ಚಿಕ್ಕದಾಗಿತ್ತು. ಅದನ್ನು ಓಝೋನ್ ಪದರದ ಚೇತರಿಕೆ ಎಂದು ಸಂಭ್ರಮಿಸಬೇಡಿ ಎಂದು ನಾಸಾ ಆಗಲೇ ಎಚ್ಚರಿಸಿತ್ತು. ಓಝೋನನ್ನು ನಾಶಮಾಡುವ ರಾಸಾಯನಿಕ ಕ್ರಿಯೆಗೆ ಸುಮಾರು −78 ಡಿಗ್ರಿಗಿಂತ ಕೆಳಗೆ ಹುಟ್ಟುವ ವಿಶೇಷ ಮೋಡಗಳು ಬೇಕು. ಗಾಳಿ ಕಾದದ್ದರಿಂದ ಆ ಮೋಡಗಳು ಕರಗಿದವು, ನಾಶ ನಿಂತಿತು, ಅಷ್ಟೆ. ಮರುವರ್ಷ ಉತ್ತರದಲ್ಲಿ ಇದಕ್ಕೆ ತದ್ವಿರುದ್ಧವಾಯಿತು. 2020ರ ಚಳಿಗಾಲದಲ್ಲಿ ಸುಳಿ ಒಮ್ಮೆಯೂ ಕದಲಲಿಲ್ಲ. ಯೂರೋಪ್ ಮತ್ತು ಸೈಬೀರಿಯಾ ಬೆಚ್ಚಗೆ ಕಳೆದವು. ಆರ್ಕ್ಟಿಕ್‌ನ ಓಝೋನ್ ಮಾತ್ರ ಆ ವಸಂತದಲ್ಲಿ ದಾಖಲೆ ಮಟ್ಟಕ್ಕೆ ಕುಸಿಯಿತು. ಗಟ್ಟಿಯಾದ ಸುಳಿ ಒಳ್ಳೆಯದು, ಒಡೆದ ಸುಳಿ ಕೆಟ್ಟದ್ದು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರ ಪರಿಣಾಮ ಕೆಳಕ್ಕೆ ಮಾತ್ರವಲ್ಲ, ಮೇಲಕ್ಕೂ ಸಾಗುತ್ತದೆ. 2009ರ ಜನವರಿಯ ಘಟನೆಯ ಹೊತ್ತಿಗೆ ಸೂರ್ಯ ತೀರಾ ಶಾಂತವಾಗಿದ್ದ. ಹಾಗಾಗಿ, ಧ್ರುವದಿಂದ ಸಾವಿರಾರು ಕಿ.ಮೀ. ದೂರದಲ್ಲಿ, ಪೆರು ದೇಶದ ಹಿಕಮಾರ್ಕಾ ರೇಡಿಯೋ ವೀಕ್ಷಣಾಲಯದ ಮೇಲಿನ ಅಯಾನು ಮಂಡಲ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಿರುವ ಎತ್ತರದ ಪದರ, ಏರಿಳಿದದ್ದು ನಿಚ್ಚಳವಾಗಿ ಕಂಡಿತು. ಬೆಳಗ್ಗೆ ಅದು ಎಂದಿಗಿಂತ ಬಿರುಸಾಗಿ ಮೇಲೇರುತ್ತಿತ್ತು, ಮಧ್ಯಾಹ್ನ ಕೆಳಗಿಳಿಯುತ್ತಿತ್ತು. ಜಿಪಿಎಸ್ ಸಂಕೇತಗಳು ಹಾದುಬರುವುದು ಈ ಪದರದ ಮೂಲಕವೇ. ಇನ್ನೂ ಸೋಜಿಗವೆಂದರೆ, ಸಮುದ್ರದಂತೆ ವಾಯುಮಂಡಲದಲ್ಲೂ ಚಂದ್ರ ಎಬ್ಬಿಸುವ ಉಬ್ಬರವಿಳಿತವಿದೆ. ಸಾಮಾನ್ಯ ದಿನಗಳಲ್ಲಿ ಗಮನಕ್ಕೇ ಬಾರದ ಆ ಕ್ಷೀಣ ಉಬ್ಬರ, ಬಿಸಿಯೇರಿಕೆಯ ದಿನಗಳಲ್ಲಿ ಹಲವು ಪಟ್ಟು ಬಲಗೊಳ್ಳುತ್ತದೆ. ಹಿಮಾಲಯವನ್ನು ಹಾದ ಗಾಳಿ, ಧ್ರುವದ ಕತ್ತಲು, ಚಂದ್ರನ ಸೆಳೆತ, ಸಮಭಾಜಕದ ಮೇಲಿನ ವಿದ್ಯುತ್ ಪ್ರವಾಹ, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು ಎಂದು ಬರ್ಲಿನ್ನಿನ ಆ ಬಲೂನು ಹಾರಿಸಿದವರು ಊಹಿಸಿರಲಾರರು.

ಭೂಮಿ ಬಿಸಿಯಾದಂತೆ ಈ ಘಟನೆಗಳು ಹೆಚ್ಚುತ್ತವೆಯೇ? ಆರ್ಕ್ಟಿಕ್ ಸಮುದ್ರದ ಹಿಮ, ಅದರಲ್ಲೂ ಬ್ಯಾರೆಂಟ್ಸ್ ಮತ್ತು ಕಾರಾ ಸಮುದ್ರಗಳ ಹಿಮ ಕರಗಿದರೆ ಮೇಲೇರುವ ಅಲೆಗಳು ಬಲಗೊಂಡು ಸುಳಿ ಹೆಚ್ಚು ಸಲ ಒಡೆಯುತ್ತದೆ ಎಂಬ ವಾದವೊಂದಿದೆ. ಚಳಿಯ ಪ್ರತಿ ಅಲೆಗೂ ಈ ವಾದವನ್ನೇ ಉತ್ತರವಾಗಿ ಕೊಡುವವರಿದ್ದಾರೆ. ಆದರೆ ಜಗತ್ತಿನ ಪ್ರಮುಖ ಹವಾಮಾನ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಹೆಚ್ಚುತ್ತವೆ ಎನ್ನುತ್ತವೆ, ಕೆಲವು ಕಡಿಮೆಯಾಗುತ್ತವೆ ಎನ್ನುತ್ತವೆ. ಹೆಚ್ಚೋ ಕಡಿಮೆಯೋ ಎಂಬಷ್ಟಕ್ಕೂ ಒಮ್ಮತವಿಲ್ಲ. ಒಂದು ಕಡೆಯನ್ನು ಈಗಲೇ ಗಟ್ಟಿಯಾಗಿ ಹಿಡಿಯುವುದು ಆತುರವೆಂದೇ ನನ್ನ ಅಭಿಪ್ರಾಯ.

ಅಳತೆಗಳ ಇತಿಹಾಸವೂ ಆತುರ ಬೇಡವೆನ್ನುತ್ತದೆ. ಉತ್ತರ ಧ್ರುವದ ಮೇಲೆ 1989ರ ಫೆಬ್ರವರಿಯ ನಂತರ 1998ರ ಡಿಸೆಂಬರ್‌ವರೆಗೆ ಒಂದೇ ಒಂದು ದೊಡ್ಡ ಬಿಸಿಯೇರಿಕೆ ಆಗಲಿಲ್ಲ. ಆ ಡಿಸೆಂಬರ್‌ನಿಂದ 2010ರವರೆಗೆ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲೂ ಆಯಿತು. 1998ರ ಬೇಸಿಗೆಯಲ್ಲಿ ಕುಳಿತು ಬರೆದವರು ಈ ವಿದ್ಯಮಾನ ಅಳಿದೇಹೋಯಿತು ಎನ್ನಬಹುದಿತ್ತು. 2010ರಲ್ಲಿ ಬರೆದವರು ಇದು ವರ್ಷ ವರ್ಷವೂ ಬರುವಂಥದು ಎನ್ನಬಹುದಿತ್ತು. ಇಬ್ಬರ ಕೈಯಲ್ಲೂ ಹತ್ತು ವರ್ಷಗಳ ಅಳತೆ ಇತ್ತು.